ಉದ್ದಿಷ್ಟವಿಧಿಯೂ ಸರ್ವೋ ಮೋಟಾರಿನ ಸ್ಥಾನಜ್ಞಾನವೂ

ಗುರುಲಘುಗಳ ವಿನ್ಯಾಸವನ್ನು ಕೊಟ್ಟರೆ ಅದು ಪ್ರಸ್ತಾರದಲ್ಲಿ ಎಷ್ಟನೆಯದೆಂದು ತಿಳಿಸುವ ಪ್ರತ್ಯಯಕ್ಕೆ ಛಂದಶ್ಶಾಸ್ತ್ರದಲ್ಲಿ ಉದ್ದಿಷ್ಟವೆಂದು ಹೆಸರು. ಕೇದಾರಭಟ್ಟನ ವೃತ್ತರತ್ನಾಕರದ ವಿಧಿಯಂತೆ ಅಕ್ಷರಗಳ ಮೇಲೆ 1, 2, 4 ಎಂದು ಇಮ್ಮಡಿಸುತ್ತ ಬರೆದು, ಲಘುಗಳ ಮೇಲಣ ಅಂಕಗಳನ್ನು ಕೂಡಿ, ಒಂದನ್ನು ಸೇರಿಸಬೇಕು. ಜಗಣಕ್ಕೆ 1, 4 ಇವುಗಳನ್ನು ಕೂಡಿ 1ನ್ನು ಸೇರಿಸಲು 6 ಆಗುತ್ತದೆ. ಮ-ಯ-ರ-ಸ-ತ-ಜ-ಭ-ನ ಎಂಬ ಕ್ರಮದಲ್ಲಿ ಜಗಣವು ಆರನೆಯದೇ ಆಗಿದೆ.

ಸರ್ವೋ ಮೋಟಾರಿನ ಹಿಂಬದಿಯಲ್ಲಿರುವ ಅಬ್ಸಲ್ಯೂಟ್ ಎನ್‌ಕೋಡರಿನ ಕಾರ್ಯವೂ ಇಂತಹುದೇ. ಅಕ್ಷದೊಡನೆ ತಿರುಗುವ ತಟ್ಟೆಯ ಗುರುತುಗಳ ವಿನ್ಯಾಸವನ್ನು ಓದಿ, ಅಕ್ಷವು ಸುತ್ತಿನ ಎಷ್ಟನೆಯ ಭಾಗದಲ್ಲಿದೆಯೆಂಬುದನ್ನು ಅದು ತಿಳಿಸುತ್ತದೆ. ಮೂರು ಸ್ಥಾನಗಳಿದ್ದರೆ 8 ಭಾಗಗಳು, ಹದಿನೇಳಿದ್ದರೆ 1,31,072. ಇನ್‌ಕ್ರಿಮೆಂಟಲ್ ಎಂಬ ಇನ್ನೊಂದು ಬಗೆಯು ನಡೆದ ಹೆಜ್ಜೆಗಳನ್ನು ಮಾತ್ರ ಸೂಚಿಸುವುದರಿಂದ, ವಿದ್ಯುತ್ತು ಹೋದೊಡನೆ ಎಣಿಕೆಯೂ ಹೋಗುತ್ತದೆ.

ಆದರೆ ಪ್ರಸ್ತಾರಕ್ರಮವನ್ನೇ ತಟ್ಟೆಯ ಮೇಲೆ ಬರೆದರೆ ಒಂದು ದೋಷವುಂಟು. ನಾಲ್ಕನೆಯ ಸಗಣದಿಂದ ಐದನೆಯ ತಗಣಕ್ಕೆ ಸಾಗುವಾಗ ಮೂರು ಸ್ಥಾನಗಳೂ ಒಮ್ಮೆಲೇ ಬದಲಾಗಬೇಕು. ಒಂದು ಸ್ಥಾನ ತುಸು ಮುಂದಾದರೂ ಓದು ತಪ್ಪುತ್ತದೆ. ಪ್ರತಿ ಹೆಜ್ಜೆಗೂ ಒಂದೇ ಸ್ಥಾನ ಬದಲಾಗುವಂತಹ ಕ್ರಮವು ಇದಕ್ಕೆ ಪರಿಹಾರ. ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ 1947ರಲ್ಲಿ ಅರ್ಜಿ ಸಲ್ಲಿಸಿ 1953ರಲ್ಲಿ ಪೇಟೆಂಟು ಪಡೆದುದರಿಂದ ಅದಕ್ಕೆ ಗ್ರೇ ಸಂಕೇತವೆಂದು ಹೆಸರಾಯಿತು.

ಇನ್ನು ತಂತಿಗಳ ಜೋಡಣೆ. ಡ್ರೈವಿನಿಂದ ಮೋಟಾರಿಗೆ ಯು, ವಿ, ಡಬ್ಲ್ಯು ಎಂಬ ಮೂರು ತಂತಿಗಳೂ ಭೂಸಂಪರ್ಕದ ತಂತಿಯೂ ಹೋಗುತ್ತವೆ. ಸಾಮಾನ್ಯವಾದ ಮೂರು ಫೇಸಿನ ಮೋಟಾರಿನಲ್ಲಿ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಇಲ್ಲಿ ಹಾಗೆ ಮಾಡಲಾಗದು. ಎನ್‌ಕೋಡರು ತಿಳಿಸಿದ ಸ್ಥಾನಕ್ಕೆ ಅನುಗುಣವಾಗಿಯೇ ಡ್ರೈವು ಸುರುಳಿಗಳಿಗೆ ಪ್ರವಾಹವನ್ನು ಹಂಚುವುದರಿಂದ, ತಂತಿಗಳು ಅದಲುಬದಲಾದರೆ ಮೋಟಾರು ಹಿಡಿತ ತಪ್ಪಿ ಓಡಬಹುದು, ಇಲ್ಲವೆ ದೋಷಸೂಚನೆಯೊಡನೆ ನಿಲ್ಲಬಹುದು. ದಿಕ್ಕನ್ನು ಡ್ರೈವಿನ ಸೆಟ್ಟಿಂಗಿನಿಂದಲೇ ಬದಲಿಸಬೇಕು.

ಎನ್‌ಕೋಡರಿನ ಕೇಬಲ್ಲಿನಲ್ಲಿ ಅದಕ್ಕೆ ವಿದ್ಯುತ್ತನ್ನೊದಗಿಸುವ ತಂತಿಗಳೂ, ಹೊಸೆದ ಸಂದೇಶದ ಜೋಡಿಯೂ, ಇವನ್ನು ಸುತ್ತಿದ ಲೋಹದ ಕವಚವೂ ಇರುತ್ತವೆ. ಮೋಟಾರಿನ ತಂತಿಗಳ ಕ್ಷೋಭೆ ಸಂದೇಶವನ್ನು ಕೆಡಿಸದಂತೆ ಇದನ್ನು ಅವುಗಳಿಂದ ದೂರದಲ್ಲಿ ಎಳೆಯಬೇಕು. ಪೂರ್ಣಸುತ್ತುಗಳ ಎಣಿಕೆಯನ್ನು ಉಳಿಸಲು ಹಲವು ಮಾದರಿಗಳಲ್ಲಿ ಬ್ಯಾಟರಿಯೊಂದಿರುತ್ತದೆ.

ಕಂಟ್ರೋಲರು ಡ್ರೈವಿಗೆ ಕೇವಲ ಸ್ಪಂದನಗಳ ಮೂಲಕ ಆಜ್ಞೆಯಿತ್ತರೆ, ಆ ತಂತಿಗಳು ‘ಇಷ್ಟು ಹೆಜ್ಜೆ ಸರಿ’ ಎಂಬುದನ್ನಷ್ಟೇ ಒಯ್ಯುತ್ತವೆ. ಈಗಿರುವ ಸ್ಥಾನವನ್ನು ತರುವುದಿಲ್ಲ. ಆದುದರಿಂದ ಯಂತ್ರವನ್ನು ಚಾಲೂ ಮಾಡಿದಾಗ ಕಂಟ್ರೋಲರು ಬೇರೊಂದು ಸಂಪರ್ಕದಿಂದ ಡ್ರೈವನ್ನು ಕೇಳಿ ಸ್ಥಾನವನ್ನು ತಿಳಿಯಬೇಕು. ಇಲ್ಲದಿದ್ದರೆ ಅದು ಸೊನ್ನೆಯನ್ನೇ ನಿಜವೆಂದು ನಂಬೀತು. ಭಾರ ಹೊತ್ತ ಲಂಬಾಕ್ಷವು ಕೆಳಗೆ ಅಪ್ಪಳಿಸೀತು. ಕೆಲಸಗಾರನ ಕೈಗೂ ಅಪಾಯವಾದೀತು.

ನಷ್ಟವೆಂಬ ಪ್ರತ್ಯಯವು ಕ್ರಮಾಂಕದಿಂದ ವಿನ್ಯಾಸವನ್ನು ಮರಳಿ ಕೊಡುತ್ತದೆ. ವಿದ್ಯುತ್ತು ನಿಂತಿರುವಾಗ ಬ್ಯಾಟರಿಯನ್ನೂ ಕಳಚಿ ಸುತ್ತಿನ ಎಣಿಕೆಯನ್ನೇ ಕಳೆದುಕೊಂಡವನಿಗೆ ಅಂತಹ ವಿಧಿಯಿಲ್ಲ. ಯಂತ್ರದ ಮೂಲಸ್ಥಾನವನ್ನು ಮತ್ತೆ ಅಳೆದು ನಿಶ್ಚಯಿಸಲೇಬೇಕು.