ಬಾಲ್ಯದ ಪೆಟ್ಟು, ಬಾಳಿನ ನೋವು

ಕುಂದಾಪುರದಿಂದ ಉತ್ತರಕ್ಕೆ ಹೊರಟವರಿಗೆ ಹೆಮ್ಮಾಡಿ ದಾರಿಯಲ್ಲೇ ಸಿಕ್ಕುತ್ತದೆ. ಮಕರ ಸಂಕ್ರಾಂತಿಗೆ ನಡೆಯುವ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಈ ಊರಿನ ಸೇವಂತಿಗೆಯೇ ಆಗಬೇಕು. ಅದಕ್ಕಾಗಿ ತಿಂಗಳುಗಟ್ಟಲೆ ಗಿಡದ ಆರೈಕೆ ನಡೆಯುತ್ತದೆ. ಎಳೆಯ ಗಿಡಕ್ಕಾದ ಕೇಡು ಹೂ ಬಿಡುವ ಕಾಲದಲ್ಲಿ ತೋರುತ್ತದೆಂದು ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ನಾವು ಈ ತಿಳಿವಳಿಕೆಯನ್ನು ಬದಿಗಿರಿಸಿ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ಬೆತ್ತವನ್ನು ಕೈಗೆತ್ತಿಕೊಳ್ಳುತ್ತೇವೆ.

ಹಿಂಸೆ ಎಂಬುದು ಬೆತ್ತದ ಏಟಿಗೆ ಮುಗಿಯುವುದಿಲ್ಲ. ಬೆಳಗಾದರೆ "ನೀನು ಯಾತಕ್ಕೂ ಬಾರದವನು" ಎಂದು ಹಂಗಿಸುವುದು, ಹಸಿವು ಕಾಯಿಲೆಗಳನ್ನು ವಿಚಾರಿಸದೆ ಬಿಡುವುದು, ಮಗುವಿನ ಮೈಯನ್ನು ದೊಡ್ಡವರು ತಮ್ಮ ಕಾಮಕ್ಕೆ ಬಳಸುವುದು, ಇವೆಲ್ಲವೂ ಹಿಂಸೆಯೇ. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಲಾಗಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾದವರು. ಮನೆಯಲ್ಲಿ ಪೆಟ್ಟು ತಿಂದವರಲ್ಲಿ ಬಹುಪಾಲು ಮಕ್ಕಳನ್ನು ಹೊಡೆದವರು ಹೆತ್ತವರೇ. ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹಾಗೆಂದು ನಮ್ಮ ಮನೆಗಳ ಕಥೆ ಬೇರೆ ಎನ್ನುವ ಧೈರ್ಯ ಯಾರಿಗಿದೆ?

ಭಯವಾದಾಗ ಎದೆ ಬಡಿದುಕೊಳ್ಳುವುದು, ಮೈ ಬಿಗಿಯುವುದು ಸಹಜ. ಆಪತ್ತು ಕಳೆದ ಮೇಲೆ ಮೈ ಮತ್ತೆ ಸ್ವಸ್ಥವಾಗಬೇಕು. ಆದರೆ ಆಪತ್ತು ಮನೆಯೊಳಗೇ ಇದ್ದರೆ? ಅಪ್ಪಯ್ಯ ಬರುವ ಸದ್ದಿಗೆ ಕಿವಿಗೊಟ್ಟು ಮಲಗುವ ಮಗುವಿನ ಮೈ ನಿದ್ರೆಯಲ್ಲಿಯೂ ಎಚ್ಚರವಾಗಿರುತ್ತದೆ. ಕಾರ್ಟಿಸೋಲ್ ಮೊದಲಾದ ಚೋದಕರಸಗಳ ಹತೋಟಿ ತಪ್ಪುತ್ತದೆ; ಬೆಳೆಯುತ್ತಿರುವ ಮೆದುಳು ಆ ಭಯಕ್ಕೇ ಒಗ್ಗಿಕೊಳ್ಳುತ್ತದೆ. ಇನ್ನೊಂದು ಸಂಗತಿಯೂ ಉಂಟು. ತನ್ನನ್ನು ಸಾಕುವವರೇ ಕೆಟ್ಟವರೆಂದು ನಂಬಿ ಬದುಕುವುದು ಮಗುವಿಗೆ ಬಹಳ ಕಷ್ಟ. ಆದುದರಿಂದ ಅದು "ನಾನೇ ಕೆಟ್ಟವನು" ಎಂದುಕೊಳ್ಳುತ್ತದೆ. ಬಾಸುಂಡೆ ವಾರದಲ್ಲಿ ಮಾಯುತ್ತದೆ. ಈ ನಂಬಿಕೆ ಮುಪ್ಪಿನವರೆಗೂ ಉಳಿಯಬಹುದು. ನಿದ್ರೆ ಬಾರದಿರುವುದು, ಸಣ್ಣ ಮಾತಿಗೆ ಸಿಡಿಯುವುದು, ಯಾರನ್ನೂ ನಂಬಲಾರದಿರುವುದು ಇದರ ಲಕ್ಷಣಗಳು. ಅಮೆರಿಕದ ಸ್ಯಾನ್ ಡಿಯೆಗೋದಲ್ಲಿ ಫೆಲಿಟಿ ಮತ್ತು ಆಂಡಾ ಎಂಬ ವೈದ್ಯರು ಸಂಗಡಿಗರೊಂದಿಗೆ 9,000ಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಇಂಥ ಕಷ್ಟಗಳನ್ನು ಕಂಡವರಿಗೆ, ಏನೂ ಕಾಣದವರಿಗಿಂತ ಕುಡಿತ, ಮಾದಕವಸ್ತುಗಳ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವುಗಳ ಸಂಭವ 4ರಿಂದ 12 ಪಟ್ಟು ಹೆಚ್ಚಾಗಿತ್ತು.

ನಮ್ಮ ಕರಾವಳಿಯ ಹಳೆಯ ತಲೆಮಾರಿಗೆ ಇದು ಪುಸ್ತಕದ ಮಾತಲ್ಲ. ಕುಂದಾಪುರದ ಕಡೆಯ ಎಷ್ಟೋ ಮಾಣಿಗಳು ಮೀಸೆ ಮೂಡುವ ಮೊದಲೇ ಮುಂಬಯಿ, ಬೆಂಗಳೂರುಗಳ ಹೋಟೆಲುಗಳಿಗೆ ದುಡಿಯಲು ಹೋದರು. ಕೆಲವರಿಗೆ ಧಣಿ ತಂದೆಯಂತಾಗಿ ರಾತ್ರಿಶಾಲೆಗೂ ಕಳುಹಿಸಿದ. ಕೆಲವರ ಪಾಲಿಗೆ ಬೈಗುಳ, ಪೆಟ್ಟುಗಳೇ ಬಂದವು. ಊರಿಗೆ ಬರೆದ ಕಾಗದದಲ್ಲಿ ಮಾತ್ರ "ನಾನು ಕ್ಷೇಮ" ಎಂದಿರುತ್ತಿತ್ತು. 14 ವರ್ಷದ ಕೆಳಗಿನವರನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಗಿದೆ. ಆದರೆ ನೋವನ್ನು "ಕ್ಷೇಮ" ಎಂದು ಬರೆಯುವ ಅಭ್ಯಾಸ ಮನೆಯಲ್ಲಿರುವ ಮಕ್ಕಳಿಗೂ ಉಂಟು. ಹೇಳಿಕೊಳ್ಳಲು ಯಾರೂ ಇಲ್ಲದಿದ್ದಾಗ ಗಾಯ ಒಳಗೇ ಬೆಳೆಯುತ್ತದೆ.

ಕೇಳುವವರೊಬ್ಬರು ಇದ್ದರೆ ಏನಾಗುತ್ತದೆ? ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಜಗಳ, ಹೆತ್ತವರ ಕುಡಿತ ಮುಂತಾದ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ, ಮಮತೆಯುಳ್ಳವರಾಗಿ ಬಾಳಿದರು. ಹಾಗೆ ಬಾಳಿದವರಿಗೆ ನೆಚ್ಚಿಕೊಳ್ಳಲು ಸ್ಥಿರಚಿತ್ತದ ಒಬ್ಬರಾದರೂ ಇದ್ದರು: ಅಜ್ಜಿಯೋ, ಅತ್ತೆಯೋ, ಶಾಲೆಯ ಗುರುಗಳೋ.

ನಮ್ಮ ಮನೆಗಳಲ್ಲಿ ಅಂಥವರಿಗೆ ಕೊರತೆಯಿಲ್ಲ. ಆದರೆ ಇದೇ ದೊಡ್ಡ ಸಂಸಾರ "ಮನೆಯ ಮರ್ಯಾದೆ" ಎಂದು ಮಗುವಿನ ಬಾಯಿ ಮುಚ್ಚಿಸುವುದೂ ಉಂಟು. ಕೆಡುಕು ಮಾಡಿದವನು ನೆಂಟನೇ ಆಗಿದ್ದರೆ ಮೌನ ಮತ್ತಷ್ಟು ದಟ್ಟವಾಗುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾನೂನಿನಂತೆ, ಇಂಥದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ.

ಮಗು ಹೇಳಬಂದಾಗ ಕೆಲಸ ಬಿಟ್ಟು ಕೇಳಬೇಕು, ನಂಬಬೇಕು, "ತಪ್ಪು ನಿನ್ನದಲ್ಲ" ಎನ್ನಬೇಕು, ಕೆಡುಕು ಮಾಡಿದವರ ಬಳಿಗೆ ಮತ್ತೆ ಬಿಡಬಾರದು. ಸಿಟ್ಟಿನಲ್ಲಿ ಕೈಮಾಡಿದ ತಂದೆ "ನಾನು ಮಾಡಿದ್ದು ತಪ್ಪು, ಮಗಾ" ಎಂದರೆ ಅವನ ಗೌರವವೇನೂ ಕುಂದದು. ಮಗುವಿನ ತಲೆಯ ಮೇಲಿನ ಹೊರೆ ಇಳಿದೀತು. ಬಾಲ್ಯದ ನೋವನ್ನು ಹೊತ್ತೇ ದೊಡ್ಡವರಾದವರಿಗೂ ಕಾಲ ಮಿಂಚಿಲ್ಲ. ಮನೋವೈದ್ಯರ ಚಿಕಿತ್ಸೆ, ಆಪ್ತಸಲಹೆಗಳಿಂದ ಗುಣವುಂಟು. 14416ಕ್ಕೆ ದೂರವಾಣಿ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಪೆಟ್ಟು ತಿಂದವರೆಲ್ಲ ಹಾಳಾಗುತ್ತಾರೆಂದಿಲ್ಲ; ಹೊಡೆಸಿಕೊಂಡವನು ಹೊಡೆಯಲೇಬೇಕೆಂದೂ ಇಲ್ಲ. ಈ ಸಂಜೆ ನಮ್ಮ ಮನೆಯ ಮಗು ತನ್ನ ಭಯವನ್ನು ಯಾರಲ್ಲಿ ಹೇಳಿಕೊಂಡೀತು ಎಂದು ಪ್ರತಿಯೊಬ್ಬರೂ ಯೋಚಿಸಬೇಕು. ಒಂದು ಹೆಸರೂ ಹೊಳೆಯದಿದ್ದರೆ, ಆ ಒಬ್ಬರು ನಾವೇ ಆಗಬೇಕು.