ಟೀ ಇನ್ನೂ ಬಿಸಿ, ಜನ ಮಾಯ! ‘ಮೇರಿ ಸೆಲೆಸ್ಟ್’ ಹಡಗಿನ ಕಥೆ ಎಷ್ಟು ನಿಜ?

‘ನಡುಗಡಲಲ್ಲಿ ಹಡಗು ಸಿಕ್ಕಿತು. ಟೀ ಇನ್ನೂ ಬಿಸಿಯಾಗಿತ್ತು, ಲೈಫ್‌ಬೋಟ್ ಇದ್ದಲ್ಲೇ ಇತ್ತು. ಒಬ್ಬ ಮನುಷ್ಯನೂ ಇರಲಿಲ್ಲ!’ ಮೇರಿ ಸೆಲೆಸ್ಟ್ ಎಂಬ ‘ದೆವ್ವದ ಹಡಗಿನ’ ಬಗ್ಗೆ ಇಂಥ ಕಥೆಯನ್ನು ನೀವೂ ಓದಿರಬಹುದು. ಹಡಗು ನಿಜ, ಜನ ಕಾಣೆಯಾದದ್ದೂ ನಿಜ. ಉಳಿದದ್ದು?

ಕ್ಯಾಪ್ಟನ್ ಯಾರು?

ಬೆಂಜಮಿನ್ ಬ್ರಿಗ್ಸ್. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1835ರಲ್ಲಿ ಹುಟ್ಟಿದವರು. ತಂದೆಯೂ ಕ್ಯಾಪ್ಟನ್. ಇದಕ್ಕೂ ಮೊದಲೇ ಬೇರೆ ಸರಕು ಹಡಗುಗಳನ್ನು ನಡೆಸಿದ್ದ ಬ್ರಿಗ್ಸ್, ಈ ಹಡಗಿನಲ್ಲಿ ಸ್ವಂತ ಹಣ ಹಾಕಿ ಪಾಲು ಪಡೆದಿದ್ದರು.

1872ರ ನವೆಂಬರ್ 7ರಂದು 1,701 ಪೀಪಾಯಿ ಆಲ್ಕೋಹಾಲ್ ತುಂಬಿಕೊಂಡು ನ್ಯೂಯಾರ್ಕ್‌ನಿಂದ ಇಟಲಿಯ ಜಿನೋವಾಕ್ಕೆ ಹೊರಟರು. ಜೊತೆಗೆ ಹೆಂಡತಿ ಸಾರಾ, ಎರಡು ವರ್ಷದ ಮಗಳು ಸೋಫಿಯಾ ಮತ್ತು ಏಳು ನಾವಿಕರು. ಮಗ ಆರ್ಥರ್‌ನನ್ನು ಅಜ್ಜಿಯ ಬಳಿ ಬಿಟ್ಟಿದ್ದರು.

ಹಡಗಿನಲ್ಲಿ ಕಂಡದ್ದೇನು?

ಡಿಸೆಂಬರ್ ಮೊದಲ ವಾರ, ಅಜೋರ್ಸ್ ದ್ವೀಪಗಳಿಗೂ ಪೋರ್ಚುಗಲ್‌ಗೂ ನಡುವೆ ‘ಡೈ ಗ್ರೇಷಿಯಾ’ ಹಡಗಿನವರು ಮೇರಿ ಸೆಲೆಸ್ಟ್ ಹತ್ತಿ ನೋಡಿದರು. ಮೇಜಿನ ಮೇಲೆ ಊಟವೂ ಇರಲಿಲ್ಲ, ಟೀಯೂ ಇರಲಿಲ್ಲ. ದೋಣಿ ಇರಲಿಲ್ಲ. ದಿಕ್ಕು, ಸ್ಥಾನ ಲೆಕ್ಕ ಹಾಕಲು ಬೇಕಾದ ಸೆಕ್ಸ್‌ಟಂಟ್, ಕ್ರೋನೋಮೀಟರ್ ಹಾಗೂ ಹಡಗಿನ ಕಾಗದಪತ್ರ ಇರಲಿಲ್ಲ. ಅಂದರೆ ಜನ ಗಾಳಿಯಲ್ಲಿ ಕರಗಿಹೋಗಿಲ್ಲ. ಬೇಕಾದ್ದನ್ನು ತೆಗೆದುಕೊಂಡು ದೋಣಿ ಇಳಿದಿದ್ದಾರೆ.

ಯಾಕೆ ಇಳಿದರು?

ಖಚಿತ ಉತ್ತರ ಇಂದಿಗೂ ಇಲ್ಲ. ಆದರೆ ಸುಳಿವುಗಳಿವೆ. ಹಡಗಿನ ತಳದಲ್ಲಿ ಸುಮಾರು ಮೂರೂವರೆ ಅಡಿ ನೀರಿತ್ತು, ಒಂದು ಪಂಪ್ ಬಿಚ್ಚಿಟ್ಟಿತ್ತು. ಜಿನೋವಾದಲ್ಲಿ ಸರಕು ಇಳಿಸಿದಾಗ ಒಂಬತ್ತು ಪೀಪಾಯಿ ಖಾಲಿ. ಹಡಗು ಮುಳುಗುತ್ತದೆ ಎಂದೋ, ಸೋರಿದ ಆಲ್ಕೋಹಾಲ್ ಆವಿ ಸ್ಫೋಟಿಸುತ್ತದೆ ಎಂದೋ ಬ್ರಿಗ್ಸ್ ಹೆದರಿರಬಹುದು ಎನ್ನುವುದು ಹೆಚ್ಚಿನವರು ಒಪ್ಪುವ ಊಹೆ. ಜಿಬ್ರಾಲ್ಟರ್‌ನಲ್ಲಿ ನಡೆದ ವಿಚಾರಣೆಯಲ್ಲಿ ಕೊಲೆಯ ಅನುಮಾನ ಬಂದರೂ ಪುರಾವೆ ಸಿಗಲಿಲ್ಲ.

ಹಾಗಾದರೆ ದೆವ್ವ ಬಂದದ್ದೆಲ್ಲಿಂದ?

1884ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಈ ಘಟನೆ ಆಧರಿಸಿ ಒಂದು ಕಥೆ ಬರೆದರು. ದೋಣಿಗಳು ಜಾಗದಲ್ಲೇ ಇದ್ದವು ಎಂಬುದು ಅದರಲ್ಲಿನ ಕಲ್ಪನೆ. ಮುಂದೆ ಹೇಳಿದವರೆಲ್ಲ ತಮ್ಮ ಪಾಲಿನ ಮಸಾಲೆ ಸೇರಿಸಿದರು. ಬಿಸಿ ಟೀ ಅಂಥದ್ದೇ ಒಂದು.

ನಮ್ಮ ತೀರ್ಮಾನ: ಜನ ಕಾಣೆಯಾದದ್ದು ನಿಜ, ಬಿಸಿ ಟೀ, ಬಿಡದ ದೋಣಿ ಸುಳ್ಳು. ಮತ್ತೆ ಈ ಫಾರ್ವರ್ಡ್ ಬಂದರೆ, ‘ದೋಣಿ ಎಲ್ಲಿತ್ತು?’ ಎಂದು ಒಮ್ಮೆ ಕೇಳಿ. ಅಪ್ಪ, ಅಮ್ಮ, ತಂಗಿ ಮರಳಿ ಬಾರದ ಏಳು ವರ್ಷದ ಹುಡುಗನಿಗೆ ಇದು ದೆವ್ವದ ಕಥೆಯಾಗಿರಲಿಲ್ಲ.