ಕಬ್ಬಿನ ಕಳೆನಾಶಕವೂ ಕಡಲಹುಲ್ಲೂ

ಕಳೆಯನ್ನು ಕೊಲ್ಲುವುದಕ್ಕಾಗಿ ಹಾಕಿದ ಔಷಧವು ಹೊಲದಲ್ಲಿಯೇ ಉಳಿದರೆ ಮಾತ್ರ ಪ್ರಯೋಜನಕಾರಿ. ಮಳೆಯ ನೀರಿನೊಡನೆ ಹರಿದುಹೋದರೆ ಬೇಸಾಯಗಾರನಿಗೆ ಹಣದ ನಷ್ಟ. ಕೆಳಗಿನ ನೀರಿನಲ್ಲಿ ಬೆಳೆಯುವ ಸಸ್ಯಗಳಿಗೆ ಕೇಡು. ಆಸ್ಟ್ರೇಲಿಯಾ ದೇಶದ ಕ್ವೀನ್ಸ್‌ಲೆಂಡ್ ಸಂಸ್ಥಾನದ ಕರಾವಳಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಆ ಕರಾವಳಿಯ ಉದ್ದಕ್ಕೂ ಸುಮಾರು 2300 ಕಿಲೋಮೀಟರುಗಳವರೆಗೆ ಹವಳದ ದಿಬ್ಬಗಳು ಹಬ್ಬಿವೆ. 1981ನೆಯ ಇಸವಿಯಲ್ಲಿ ಇವು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿದವು. ಈ ದಿಬ್ಬಗಳಿಗೂ ದಡಕ್ಕೂ ನಡುವಣ, ಹೆಚ್ಚು ಆಳವಿಲ್ಲದ ಕಡಲಿಗೆ ಲಗೂನು ಎಂದು ಹೆಸರು. ಅದರ ತಳದಲ್ಲಿ ಕಡಲಹುಲ್ಲು ಬೆಳೆಯುತ್ತದೆ. ಕಡಲಹಸುಗಳಿಗೂ ಹಸಿರು ಆಮೆಗಳಿಗೂ ಅದೇ ಮೇವು. ಮರಿಮೀನುಗಳಿಗೂ ಸೀಗಡಿಗಳಿಗೂ ಅದೇ ಆಶ್ರಯ. ಟಲ್ಲಿ, ಹರ್ಬರ್ಟ್, ಪಯೊನಿಯರ್ ಮೊದಲಾದ ನದಿಗಳು ಕಬ್ಬಿನ ಸೀಮೆಯನ್ನು ಹಾಯ್ದು ಈ ಲಗೂನನ್ನು ಸೇರುತ್ತವೆ.

ಅಲ್ಲಿಯ ಕಬ್ಬಿನ ಹೊಲಗಳಲ್ಲಿ ಡೈಯುರಾನ್, ಅಟ್ರಾಜಿನ್, ಹೆಕ್ಸಾಜಿನೋನ್ ಎಂಬ ಕಳೆನಾಶಕಗಳು ಬಳಕೆಗೆ ಬಂದವು. ಎಲೆಯು ಬಿಸಿಲಿನ ಬಲದಿಂದ ಆಹಾರವನ್ನು ತಯಾರಿಸಿಕೊಳ್ಳುವ ಕ್ರಿಯೆಯನ್ನು ಇವು ತಡೆಯುತ್ತವೆ. ಈ ಕ್ರಿಯೆಯು ಕಳೆಗೂ ಕಡಲಹುಲ್ಲಿಗೂ ಒಂದೇ ಆದುದರಿಂದ ಔಷಧವು ಭೇದವೆಣಿಸದು. ಹವಳದ ಜೀವಿಗಳ ಮೈಯೊಳಗಿದ್ದು ಅವುಗಳಿಗೆ ಆಹಾರವೊದಗಿಸುವ ಸೂಕ್ಷ್ಮವಾದ ಪಾಚಿಗಳಿಗೂ ಇದರಿಂದ ಬಾಧೆಯುಂಟು.

ಔಷಧವನ್ನು ಸಿಂಪಡಿಸಿದ ಬಳಿಕ ಬರುವ ಮೊದಲನೆಯ ದೊಡ್ಡ ಮಳೆಯು ಅತಿ ಹಾನಿಕರವಾದುದು. ಕೊಚ್ಚಿಹೋದುದು ಕಡಲಿನಲ್ಲಿ ಬೇಗನೆ ಕ್ಷಯಿಸುವುದಿಲ್ಲ. ಕಡಲನೀರಿನಲ್ಲಿಟ್ಟು ಪರೀಕ್ಷಿಸಿದಾಗ ಡೈಯುರಾನ್ ಅರ್ಧಕ್ಕೆ ಇಳಿಯಲು ಒಂದು ವರ್ಷಕ್ಕಿಂತಲೂ ಹೆಚ್ಚು ಕಾಲ ಹಿಡಿಯಿತು.

2011ನೆಯ ಇಸವಿಯ ಪ್ರವಾಹಗಳಿಂದಲೂ ಯಾಸಿ ಎಂಬ ಚಂಡಮಾರುತದಿಂದಲೂ ಕಡಲಹುಲ್ಲು ಬಹಳವಾಗಿ ನಾಶವಾಗಿ, ಅನೇಕ ಕಡಲಹಸುಗಳು ಮೇವಿಲ್ಲದೆ ಸತ್ತವು. ಆ ನಾಶಕ್ಕೆಲ್ಲ ಕಳೆನಾಶಕವೇ ಕಾರಣವೆನ್ನುವಂತಿಲ್ಲ. ಕೆಸರುನೀರು ಬೆಳಕನ್ನು ಮರೆಮಾಡಿದುದೂ ಕಾರಣವೇ. ಆದರೆ ಬೆಳಕು ಕಡಮೆಯಾದ ಸಮಯದಲ್ಲಿಯೇ ಔಷಧವೂ ಬಂದು ಸೇರಿದರೆ ಹುಲ್ಲಿಗೆ ಎರಡು ಕಡೆಯಿಂದ ಪೆಟ್ಟು ಬೀಳುವುದು.

2012ನೆಯ ಇಸವಿಯಲ್ಲಿ ಆಸ್ಟ್ರೇಲಿಯಾದ ಅಧಿಕಾರಿಗಳು ಕಬ್ಬಿಗೆ ಡೈಯುರಾನ್ ಹಾಕುವ ಪ್ರಮಾಣವನ್ನು ಮಿತಿಗೊಳಿಸಿ, ಮಳೆಗಾಲದ ಗೊತ್ತಾದ ಅವಧಿಯಲ್ಲಿ ಸಿಂಪಡಿಸುವುದನ್ನು ನಿಷೇಧಿಸಿದರು. ಅನೇಕ ಬೆಳೆಗಾರರು ಕಬ್ಬನ್ನು ಸುಡದೆ ಕಡಿದು, ತರಗನ್ನು ನೆಲದ ಮೇಲೆಯೇ ಹರಡಿ ಕಳೆಯನ್ನು ಅಡಗಿಸುತ್ತಾರೆ. ಔಷಧ ಬೇಕಾದಲ್ಲಿ ಹೊಲಕ್ಕೆಲ್ಲ ಹಾಕದೆ ಸಾಲಿಗೆ ಮಾತ್ರ ಸಿಂಪಡಿಸುವ ಪದ್ಧತಿಯೂ ಉಂಟು.

ಅಟ್ರಾಜಿನ್ ನಮ್ಮ ನಾಡಿನ ಕಬ್ಬಿನ ಹೊಲಗಳಲ್ಲಿಯೂ ಬಳಕೆಯಲ್ಲಿದೆ. ಆದುದರಿಂದ ರೈತರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡತಕ್ಕದ್ದು. ಮೋಡ ಕವಿದು ದೊಡ್ಡ ಮಳೆಯ ಸೂಚನೆಯಿರುವಾಗ ಸಿಂಪಡಿಸಬಾರದು. ಚೀಟಿಯಲ್ಲಿ ಹೇಳಿದ ಪ್ರಮಾಣವನ್ನು ಮೀರಬಾರದು. ಹಳ್ಳದ ಅಂಚಿನಲ್ಲಿ ಹುಲ್ಲಿನ ಪಟ್ಟೆಯನ್ನು ಬಿಡಬೇಕು. ಸಿಂಪಡಿಸುವ ಯಂತ್ರವನ್ನು ಕೆರೆ ಕಾಲುವೆಗಳಲ್ಲಿ ತೊಳೆಯಬಾರದು. ಹೊಲವನ್ನು ಬಿಟ್ಟುಹೋದ ಔಷಧವನ್ನು ಮರಳಿ ತರುವ ಉಪಾಯವಿಲ್ಲ; ಅದು ಹೋಗದಂತೆ ನೋಡಿಕೊಳ್ಳುವುದೊಂದೇ ಮಾರ್ಗ.